ಸ್ಟಿಕರಿನ ಕೆಳಗಿನ ಹೆಸರು

"ಯಾವ ಗೇಮ್ ಆಡ್ತೀರಿ ಅಕ್ಕಾರ?"

ಪ್ರಣಿತಾ ಎಲ್ಲ ಪ್ರಶ್ನೆಗಳಿಗೂ ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಹೆಸರು ಕೇಳಿದರೆ ಸುವರ್ಣಾ. ಊರು ಕೇಳಿದರೆ ಚಪಳಗಾಂವ. ಅಪ್ಪ ಏನು ಮಾಡುತ್ತಾರೆ ಅಂದರೆ ತೊಗರಿ, ಜೋಳ, ನಾಲ್ಕು ಎಮ್ಮೆ. ಈ ಒಂದು ಪ್ರಶ್ನೆ ಮಾತ್ರ ಅವಳಿಗೂ ಹೊಳೆದಿರಲಿಲ್ಲ, ಅವಳಿಗೆ ಪಾಠ ಹೇಳಿ ಕಳಿಸಿದ ಕಲ್ಯಾಣಪ್ಪನಿಗೂ ಹೊಳೆದಿರಲಿಲ್ಲ. ಗೇಮಿಂಗ್ ಕಂಪ್ಯೂಟರ್ ಕೊಳ್ಳಲು ಬಂದವರನ್ನು ಅಂಗಡಿಯವನು ಎಲ್ಲಕ್ಕಿಂತ ಮೊದಲು ಕೇಳುವುದೇ ಅದು.

"ಲಾರಿ," ಅಂದಳು. ಸುಳ್ಳೊಂದು ಚಟ್ಟನೆ ಸಿಗದೆ ನಿಜವೇ ಬಾಯಿಗೆ ಬಂದುಬಿಟ್ಟಿತ್ತು. "ಲಾರಿ ಓಡಸೂ ಗೇಮ್ ಇರ್ತಾವಲ್ರಿ, ಅದು."

ಅಂಗಡಿಯ ಮಾಲಕ ಗುರುಶಾಂತ ಅವಳನ್ನು ಮೇಲಿಂದ ಕೆಳಗೆ ನೋಡಿದ. ಮೂವತ್ತೈದರ ಆಸುಪಾಸಿನ ಮನುಷ್ಯ. ಬೆಳಿಗ್ಗೆ ಹಚ್ಚಿಕೊಂಡ ವಿಭೂತಿ ಏಪ್ರಿಲ್ ಬೆವರಿಗೆ ಕರಗಿ ಹಣೆಯ ಮೇಲೆ ಅರ್ಧ ಉಳಿದಿತ್ತು. ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್ ಇತ್ತು. ಅದನ್ನು ಅವನು ಬೆರಳ ನಡುವೆ ತಿರುಗಿಸುತ್ತಲೇ ಇದ್ದ.

"ಹೆಣ್ಮಕ್ಕಳು ಲಾರಿ ಆಡೂದು ಕಮ್ಮಿ," ಅಂದ.

"ನಮ್ ಹೊಲಾ ರಸ್ತಾದ ಮಗ್ಗಲ್ಕ ಐತ್ರಿ. ಸಣ್ಣಾಕಿ ಇದ್ದಾಗಿಂದ ಲಾರಿ ನೋಡ್ಕೋತನ ಬೆಳದೀನಿ."

ಅದೂ ನಿಜವೇ. ಆದರೆ ಅದು ಕುಂಭಾರಿಯ ನಿಜ. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಬರುವ ರಸ್ತೆ ಅವಳಪ್ಪ ಅಮೃತಪ್ಪನ ಹೊಲದ ಬದುವಿಗೆ ತಾಗಿಕೊಂಡೇ ಇದೆ. ಸುವರ್ಣಾ ಎಂಬ ಸುಳ್ಳು ಹುಡುಗಿಯ ಬಾಯಲ್ಲಿ ಪ್ರಣಿತಾಳ ಮಾತು ಎರಡೆರಡು ಸಲ ಬಂದಾಗಿತ್ತು. ಇನ್ನೂ ಕುರ್ಚಿ ಬಿಸಿಯಾಗಿರಲಿಲ್ಲ.

ಅವಳಿಗೆ ಹೆದರಿಕೆಯಾಗಿತ್ತು. ಸೊಲ್ಲಾಪುರದ ಭಾಂಡೆ-ಪಾತ್ರೆ ಅಂಗಡಿಯ ಸಾವಿತ್ರಿಬಾಯಿ ಅವಳ ಮಾವಶಿ, ಅವ್ವನ ಒಡಹುಟ್ಟಿದವಳು. ಆ ಮಾವಶಿಯ ಮಗ ಯೋಗಿರಾಜ ಕಾಣೆಯಾಗಿ ಅಂದಿಗೆ ಹನ್ನೆರಡು ದಿನ. ಅವನ ಮೋಟಾರ್ ಸೈಕಲ್ಲು ಸಿಕ್ಕಿದ್ದು ಅಕ್ಕಲಕೋಟದ ಈ ಅಂಗಡಿಯಿಂದ ನೂರು ಹೆಜ್ಜೆಯಾಚೆ. ಪೊಲೀಸರು ಹುಡುಗ ತಾನಾಗಿಯೇ ಹೋಗಿದ್ದಾನೆ ಎಂದು ಬರೆದುಕೊಂಡು ಕೈತೊಳೆದುಕೊಂಡಿದ್ದರು. ಗುರುಶಾಂತ ಅವರಿಗೆ ಹೇಳಿದ್ದು ಒಂದೇ ಮಾತು: ಆರು ತಿಂಗಳಿಂದ ಯೋಗಿರಾಜ ನನ್ನ ಅಂಗಡಿಯ ಮೆಟ್ಟಿಲು ಹತ್ತಿಲ್ಲ.

ಅದು ಸುಳ್ಳು ಅಂದವನು ಕಲ್ಯಾಣಪ್ಪ. ಅಮೃತಪ್ಪನ ಹಳೆಯ ಗೆಳೆಯ, ನಿವೃತ್ತ ಹವಾಲ್ದಾರ. ಯೋಗಿರಾಜ ಕಾಣೆಯಾದ ಮೂರನೆಯ ದಿನ ತಾನಾಗಿಯೇ ಮಾವಶಿಯ ಮನೆಗೆ ಬಂದು, ಅಳುತ್ತಿದ್ದ ಸಾವಿತ್ರಿಬಾಯಿಯ ಮುಂದೆ ಕೂತು, "ಪೋಲಿಸ್ರು ಹುಡಕ್ಲಿಲ್ಲಂದ್ರ ನಾ ಹುಡಕ್ತೀನಿ" ಅಂದಿದ್ದ. ಈಗ ಕೆಳಗೆ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದ. ಪ್ರಣಿತಾಳ ಚೀಲದಲ್ಲಿ ಅವಳ ಫೋನು ಚಾಲೂ ಇತ್ತು; ಆ ತುದಿಯಲ್ಲಿ ಅವನು ಕಿವಿಗೊಟ್ಟಿದ್ದ. ಮೇಲಿನ ಒಂದೊಂದು ಮಾತೂ ಅವನಿಗೆ ಕೇಳುತ್ತದೆ. ಏನಾದರೂ ಎಡವಟ್ಟಾದರೆ ಓಡಿ ಬರುತ್ತಾನೆ. ಕಬ್ಬಿಣದ ಮೆಟ್ಟಿಲು ಹತ್ತುವಾಗ ಅವಳಿಗೆ ಇದ್ದ ಧೈರ್ಯ ಅದೊಂದೇ.

"ಯಾದಿ ಏನರ ತಂದೀರೇನ್?"

ಚೀಲದಿಂದ ಮಡಿಚಿದ ಹಾಳೆ ತೆಗೆದು ಕೊಟ್ಟಳು. ಅದು ನಿಜವಾದ ಯಾದಿ. ಎರಡು ತಿಂಗಳ ಹಿಂದೆ ಯೋಗಿರಾಜ, ಅವಳ ಬಾಯಲ್ಲಿ ಅಣ್ಣ ಎಂಬರ್ಥದ ಯೋಗಿದಾದಾ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ ಬರೆಸಿದ್ದು. ಅಕ್ಷರ ಅವಳದು, ಬುದ್ಧಿ ಅವನದು. ಐವತ್ತೈದು ಸಾವಿರದೊಳಗೆ ಅವಳ ಮೊದಲನೆಯ ಕಂಪ್ಯೂಟರು. ಅದನ್ನು ಅವಳೇ ಕೈಯಾರೆ ಜೋಡಿಸಬೇಕು ಎಂಬುದು ಅವನ ಶರತ್ತು.

ಗುರುಶಾಂತ ಹಾಳೆ ಬಿಡಿಸಿದ. ಸ್ಕ್ರೂಡ್ರೈವರ್ ತಿರುಗುವುದು ನಿಂತಿತು.

"ಎಸ್‌ಎಂಪಿಎಸ್ ಎಲ್ಲಾದಕಿಂತ ಮ್ಯಾಲ ಬರದೀರಿ."

"ಹೌದ್ರಿ."

"ಯಾಕ?"

ಗೋಡೆಯ ಕರೆಂಟನ್ನು ಪಳಗಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವ ಡಬ್ಬಿ ಅದು. ಅದನ್ನು ಯಾರೂ ಮೊದಲು ಬರೆಯುವುದಿಲ್ಲ ಎಂಬುದು ಪ್ರಣಿತಾಳಿಗೆ ಗೊತ್ತಿತ್ತು. ಯೋಗಿದಾದಾ ಇದನ್ನೇ ಹೇಳಿ ನಗುತ್ತಿದ್ದ. ಮಂದಿ ಮೊದಲು ಗೇಮಿನ ಚಿತ್ರ ಮೂಡಿಸುವ ದೊಡ್ಡ ಗ್ರಾಫಿಕ್ಸ್ ಕಾರ್ಡು ಆರಿಸಿ, ಉಳಿದ ಚಿಲ್ಲರೆಯಲ್ಲಿ ಅಗ್ಗದ ಎಸ್‌ಎಂಪಿಎಸ್ ಹಾಕಿಸುತ್ತಾರೆ. ನಮ್ಮ ಕಡೆ ಲೈಟು ದಿನಕ್ಕೆ ನಾಲ್ಕು ಸಲ ಹೋಗುತ್ತದೆ. ಬರುವಾಗ ಸುಮ್ಮನೆ ಬರುವುದಿಲ್ಲ, ಒದ್ದುಕೊಂಡು ಬರುತ್ತದೆ. ಅದಕ್ಕೆ ಯಾದಿಯ ತಲೆಗೇ ಒಳ್ಳೆ ಎಸ್‌ಎಂಪಿಎಸ್ ಬರಿ, ಉಳಿದದ್ದರಲ್ಲಿ ಉಳಿದದ್ದು.

"ನಮ್ಮೂರಾಗ ಲೈಟಿಂದು ಭರೋಸಾ ಇಲ್ರಿ. ಅದು ಸುಟ್ರ ಎಲ್ಲಾ ಸುಡ್ತಾವ ಅಂತ."

"ಅಂತ ಯಾರ ಹೇಳ್ಯಾರ?"

"ಯೂಟ್ಯೂಬ್‌ನಾಗ ನೋಡೀನ್ರಿ."

ಗುರುಶಾಂತ ಹಾಳೆಯನ್ನು ಮೇಜಿನ ಮೇಲೆ ಇಟ್ಟು ಅಂಗೈಯಿಂದ ಸವರಿ ನೆಟ್ಟಗೆ ಮಾಡಿದ. "ಹನ್ನೆರಡು ವರ್ಷ ಆತು ನಾ ಅಂಗಡಿ ಹಾಕಿ. ಯಾದಿ ಹಿಂಗ ಬರಿಯಾವ ಒಬ್ಬಾಂವನ್ನ ನೋಡೀನಿ."

ಮೇಲೆ ಫ್ಯಾನು ಕಿರುಗುಡುತ್ತಿತ್ತು. ಹೊರಗೆ ರಸ್ತೆಯಲ್ಲಿ ಸ್ವಾಮಿಗಳ ದರ್ಶನ ಮುಗಿಸಿ ಬಂದವರು ಬಸ್ ಸ್ಟ್ಯಾಂಡಿಗೆ ಹೋಗುವ ರಿಕ್ಷಾಗಳಿಗೆ ಕೂಗುತ್ತಿದ್ದರು. ಇಷ್ಟು ಮಂದಿ ಇದ್ದ ಊರಿನಲ್ಲಿ ಯೋಗಿದಾದಾನನ್ನು ಕೊನೆಗೆ ನೋಡಿದವರು ಒಬ್ಬರೂ ಇರಲಿಲ್ಲ.

ಗುರುಶಾಂತ ಎದ್ದು ಒಂದೊಂದೇ ಡಬ್ಬಿ ತಂದು ಮುಂದಿಡತೊಡಗಿದ. ಮೊದಲು ಒಂದು ಕ್ಯಾಬಿನೆಟ್ಟು. ಮುಂದೆ ಇಡೀ ಗಾಜು, ಒಳಗೆ ಬಣ್ಣಬಣ್ಣದ ದೀಪ. ಮದುವೆ ಮಂಟಪವನ್ನೇ ಸಣ್ಣದು ಮಾಡಿ ಇಟ್ಟ ಹಾಗಿತ್ತು.

"ಇದ ತಗೋರಿ. ಎಲ್ಲಾರೂ ಇದನ್ನ ಒಯ್ತಾರ."

"ದೀಪಾ ಬ್ಯಾಡ್ರಿ. ಗಾಳಿ ಬೇಕು. ಮುಂದ ಜಾಳಿ ಇದ್ದದ್ದು ಕೊಡ್ರಿ. ಗಾಜಿಂದಾದ್ರ ನಮ್ ಬ್ಯಾಸಗಿಗೆ ಒಳಗ ಕುದೀತಾವ."

"ರ‍್ಯಾಮ್ ಭಾಳ ತುಟ್ಟಿ ಆಗ್ಯಾವ ಈಗ. ಎಂಟು ಜಿಬಿದು ಒಂದ ಹಾಕ್ತೀನಿ. ಮುಂದ ಇನ್ನೊಂದ್ ಹಾಕಸ್ಕೋರಿ."

"ಇಲ್ರಿ, ಎಂಟೆಂಟರದು ಜೋಡಿನ ಬೇಕು. ಒಂಟಿ ಹಾಕಿದ್ರ ಗೇಮ್ ತಡಬಡಸ್ತೈತಿ. ಬದ್ಲಿ ಎಸ್‌ಎಸ್‌ಡಿ ಸಣ್ಣದ ಹಾಕ್ರಿ. ಅದು ಆಮ್ಯಾಲ ಬ್ಯಾರೇದು ಕೂಡಸಬಹುದು."

"ಪ್ರೊಸೆಸರು ಎಂಟು ಕೋರಿಂದು?"

"ಆರರದು ಸಾಕು. ಬೋರ್ಡು ಮಾತ್ರ ಮುಂದ ದೊಡ್ಡ ಪ್ರೊಸೆಸರ್ ಹಿಡಸೂವಂಥಾದ್ದು ಇರ್ಲಿ."

ಹೇಳುತ್ತ ಹೇಳುತ್ತ ಅವಳಿಗೆ ಒಂದು ಕ್ಷಣ ಹೆದರಿಕೆ ಮರೆತೇಹೋಯಿತು. ಎರಡು ತಿಂಗಳು ಕನಸು ಕಂಡ ಡಬ್ಬಿಗಳು ಕಣ್ಣೆದುರಿಗಿದ್ದವು. ಒಂದನ್ನು ಕಡಿಮೆ ಮಾಡಿ ಇನ್ನೊಂದನ್ನು ಹೆಚ್ಚು ಮಾಡುವ ಆ ಲೆಕ್ಕಾಚಾರದಲ್ಲಿ ರೊಟ್ಟಿ ತಟ್ಟುವಾಗಿನ ಹಾಗೆ ಕೈಗೆ ತಾನೇ ಹದ ಸಿಕ್ಕಿತ್ತು. ಯೋಗಿದಾದಾ ಪಕ್ಕದಲ್ಲಿದ್ದರೆ ಬೆನ್ನು ತಟ್ಟುತ್ತಿದ್ದ ಅನ್ನಿಸಿತು. ಅನ್ನಿಸಿದ್ದೇ ತಡ ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟಳು. ಅವನು ಇದ್ದಾನೋ ಇಲ್ಲವೋ ಗೊತ್ತಿಲ್ಲದಿರುವಾಗ ತಾನು ಇಲ್ಲಿ ಕ್ಯಾಬಿನೆಟ್ಟು ಆರಿಸಿ ಖುಷಿಪಡುತ್ತಿದ್ದಳು.

ತಲೆ ಎತ್ತಿದರೆ ಗುರುಶಾಂತ ಡಬ್ಬಿಗಳನ್ನು ನೋಡುತ್ತಿರಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ.

"ಇನ್ನ ಗ್ರಾಫಿಕ್ಸ್ ಕಾರ್ಡು," ಅಂದ.

ಯಾದಿಯಲ್ಲಿ ಕಾರ್ಡಿನ ನಂಬರಷ್ಟೇ ಇತ್ತು; ಅದನ್ನು ತಣಿಸುವ ಫ್ಯಾನು, ಅಂದರೆ ಪಂಖ, ಎಷ್ಟು ಎಂದು ಇರಲಿಲ್ಲ. ಮುಂದಿನ ಮಾತು ಕಲ್ಯಾಣಪ್ಪ ಬೆಳಿಗ್ಗೆ ಬಸ್ಸಿನಲ್ಲಿ ಕಲಿಸಿಕೊಟ್ಟದ್ದು. "ಎರಡು ಪಂಖಾದ್ದು ಕೇಳು ತಂಗಿ, ಸೆಕೆಂಡ್ ಹ್ಯಾಂಡ್. ಒಳಗಿಂದ ತರ್ತಾನ. ತಂದಿದ್ದು ಹಿಂದಾ ಮುಂದಾ ಛಂದಂಗ ನೋಡು." ಪೊಲೀಸ್ ಬುದ್ಧಿ ಅಂದರೆ ಹೀಗಿರಬೇಕು ಎಂದು ಅವಳು ಅಂದುಕೊಂಡಿದ್ದಳು. ಅದೇ ಬಸ್ಸಿನಲ್ಲಿ, ಕುಂಭಾರಿ ಬಿಟ್ಟ ಮೇಲೆ, ಅವಳನ್ನು ನಗಿಸಲಿಕ್ಕೆಂದು ಅವನು ಇದನ್ನೂ ಹೇಳಿದ್ದ: "ನನಗ ಕಂಪ್ಯೂಟರ್ ಅಂದ್ರ ಟಿವಿಗೆ ಟೈಪ್ ಮಾಡೂ ಮಶೀನ್ ಹಚ್ಚಿದ್ದು, ಅಷ್ಟ. ಅದರ ಹೊಟ್ಟ್ಯಾಗ ಏನೈತಿ ಅಂತ ಇವತ್ತಿನ ತನಾ ಕಂಡಾಂವಲ್ಲ."

"ಎರಡು ಪಂಖಾದ್ದು ಕೊಡ್ರಿ," ಅಂದಳು. "ಸೆಕೆಂಡ್ ಹ್ಯಾಂಡ್ ನಡೀತೈತಿ."

ಗುರುಶಾಂತನ ಮುಖ ಬಿಳಿಚಿತು. ನೋಡನೋಡುತ್ತಿದ್ದಂತೆ ಅದರ ಬಣ್ಣ ಇಳಿದುಹೋಯಿತು. ಅವನು ಒಳಕೋಣೆಯ ಪರದೆ ಸರಿಸಿ ಹೋದ.

ಓಡಿಹೋಗೋಣ ಅನ್ನಿಸಿತು ಪ್ರಣಿತಾಳಿಗೆ. ಬಾಗಿಲಿಗೆ ಐದು ಹೆಜ್ಜೆ. ಎದ್ದವಳು ಮತ್ತೆ ಕೂತಳು. ಮಾವಶಿ ಹನ್ನೆರಡು ದಿನದಿಂದ ಒಂದು ತುತ್ತು ಸರಿಯಾಗಿ ಉಂಡಿಲ್ಲ. ಅಂಗಡಿಯಲ್ಲಿ ಕೂತು ಒರೆಸಿದ ಪಾತ್ರೆಯನ್ನೇ ಮತ್ತೆ ಮತ್ತೆ ಒರೆಸುತ್ತಾಳೆ. ಅವಳಿಗೆ ಹೋಗಿ ಏನು ಹೇಳುವುದು, ಹೆದರಿ ಓಡಿಬಂದೆ ಅಂತಲೇ?

ಗುರುಶಾಂತ ಕಾರ್ಡು ತಂದು ಅವಳ ಕೈಗಿಟ್ಟ. ಕರಿ ಬಣ್ಣದ, ಒಂದು ಮೊಳದಷ್ಟೂ ಇಲ್ಲದ, ಕೈಗೆ ಭಾರವೆನಿಸುವ ವಸ್ತು. ಮುಂದೆ ಎರಡು ಪಂಖ. ಹಿಂದೆ ಲೋಹದ ತಗಡು, ತಗಡಿನ ನಡುವೆ ಗುರುಶಾಂತನ ಅಂಗಡಿಯದೇ ಹೆಸರಿದ್ದ ದೊಡ್ಡ ಸ್ಟಿಕರು.

ಅವಳು ಅದನ್ನು ತಿರುಗಿಸಿದಾಗ ಹೆಬ್ಬೆರಳು ಸ್ಟಿಕರಿನ ಮೇಲೆ ಹಾಯಿತು. ಕಾಗದದ ಅಡಿಯಲ್ಲಿ ಸಣ್ಣ ಸಣ್ಣ ಚುಕ್ಕಿ.

ಪಾತ್ರೆ ಅಂಗಡಿಯ ಮನೆತನದ ಹೆಣ್ಣುಮಕ್ಕಳಿಗೆ ಚುಕ್ಕಿ ಅಕ್ಷರ ಓದಲು ಕಣ್ಣು ಬೇಕಾಗಿಲ್ಲ. ಮದುವೆಗೋ ಮಗುವಿನ ಜಾವಳಕ್ಕೋ ನಾಲ್ಕು ಮನೆಯ ಪಾತ್ರೆ ಒಟ್ಟು ಸೇರುತ್ತವೆ. ಹಿತ್ತಲ ಕತ್ತಲಲ್ಲಿ ತೊಳೆದಿಡುವಾಗ ಬೆರಳಾಡಿಸಿಯೇ ಇದು ನಮ್ಮದು, ಇದು ಬೀಗರದು ಎಂದು ಬೇರೆ ಮಾಡುವುದು. ಅದಕ್ಕೇ ಪಾತ್ರೆ ಕೊಂಡ ಕೂಡಲೇ ಅಂಗಡಿಯಲ್ಲೇ ಹೆಸರು ಹಾಕಿಸುತ್ತಾರೆ: ಯಾರದು, ಯಾರು ಕೊಟ್ಟದ್ದು. ಸಾವಿತ್ರಿಬಾಯಿಯ ಅಂಗಡಿಯ ಹೆಸರು ಕೊರೆಯುವ ಮಶೀನು ಟರ್ ಎಂದು ಸದ್ದು ಮಾಡುತ್ತ ದಿನವಿಡೀ ಓಡುತ್ತದೆ. ಯೋಗಿರಾಜನಿಗೆ ಎಳವೆಯಿಂದ ಅದರದೇ ಹುಚ್ಚು. ಸೈಕಲ್ ಗಂಟೆ, ಕೈಗಡಿಯಾರ, ಅಪ್ಪನ ಕನ್ನಡಕದ ಡಬ್ಬಿ, ಕೈಗೆ ಸಿಕ್ಕ ಲೋಹಕ್ಕೆಲ್ಲ ಹೆಸರು ಹಾಕಿ ಬೈಸಿಕೊಂಡವನು.

ಕಾಣೆಯಾಗುವ ಹಿಂದಿನ ಸಂಜೆ ಅವನು ಫೋನಿನಲ್ಲಿ ಹೇಳಿದ್ದ: "ನಿನ್ ಕಾರ್ಡು ತಂದೀನಿ. ನಾಳೆ ತೋರಸ್ತೀನಿ. ಒಂದ್ ಗಮ್ಮತ್ ಐತಿ ಅದರಾಗ."

ಪ್ರಣಿತಾ ಹೆಬ್ಬೆರಳನ್ನು ನಿಧಾನ ಸರಿಸಿದಳು. ಮರಾಠಿ ಅಕ್ಷರ. ಮೇಲೊಂದು ಗೆರೆ. ಮೊದಲ ಅಕ್ಷರ 'ಪ್ರ'. ಆಮೇಲೆ 'ಣಿ'. ಆಮೇಲಿನದನ್ನು ಓದಬೇಕಾಗಿಯೇ ಇರಲಿಲ್ಲ. ಕೆಳಗಿನ ಸಾಲಿನಲ್ಲಿ ಎರಡೇ ಅಕ್ಷರ: 'ದಾದಾ'.

ಇದು ಅವಳ ಕಾರ್ಡು. ಆ ಕೊನೆಯ ದಿನ ಯೋಗಿದಾದಾನ ಚೀಲದಲ್ಲಿದ್ದ ಕಾರ್ಡು. ಇದು ಯಾರ ಕೈ ಸೇರಿತೋ ಅವರು ಅಂದು ಅವನನ್ನು ನೋಡಿದ್ದಾರೆ. ಆರು ತಿಂಗಳಿಂದ ಅವನನ್ನು ಕಂಡಿಲ್ಲ ಅಂದ ಮನುಷ್ಯ ಮೂರಡಿ ದೂರದಲ್ಲಿ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ.

ಅಷ್ಟರಲ್ಲಿ ಲೈಟು ಹೋಯಿತು.

ಫ್ಯಾನು ಎರಡು ಸುತ್ತು ತಿರುಗಿ ನಿಂತಿತು. ಅಂಗಡಿಯ ಎಲ್ಲ ಗುಂಯ್‌ಗುಡುವಿಕೆ ಒಮ್ಮೆಲೇ ಅಡಗಿತು. ಕಿಟಕಿಯ ಬೆಳಕೊಂದೇ ಉಳಿಯಿತು. ಆ ನಿಶ್ಶಬ್ದದಲ್ಲಿ ಪ್ರಣಿತಾಳ ಚೀಲ ಕೆಮ್ಮಿತು.

ಕಲ್ಯಾಣಪ್ಪನ ಕೆಮ್ಮು. ತಂಬಾಕಿನ, ಎದೆಯಾಳದ, ಎಂದಿನ ಕೆಮ್ಮು, ಫೋನಿನೊಳಗಿಂದ ಸಣ್ಣದಾಗಿ ಬಂತು.

ಪ್ರಣಿತಾ ಕೂಡಲೇ ತಾನೂ ಕೆಮ್ಮಿದಳು. ಅದು ಯಾರೂ ನಂಬದಂಥ ಕೆಮ್ಮು. ಗುರುಶಾಂತ ಚೀಲವನ್ನು ನೋಡಿದ, ಅವಳನ್ನು ನೋಡಿದ. ಎದ್ದ. ಮೆಟ್ಟಿಲ ಬಾಗಿಲಿಗೆ ಹೋಗಿ ಕೆಳಗೆ ಇಣುಕಿ, ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ ಬಂದ. ಕೂಗಿದರೆ ಕಲ್ಯಾಣಪ್ಪ ಕಾಕಾ ಬರುತ್ತಾರೆ, ಕೂಗು, ಎಂದು ತನಗೆ ತಾನೇ ಹೇಳಿಕೊಂಡಳು. ಆಗಲಿಲ್ಲ.

ಅವನು ಬಿಲ್ ಪುಸ್ತಕ ಎಳೆದುಕೊಂಡು ಪೆನ್ನು ತೆಗೆದ.

"ಬಿಲ್ ಯಾರ ಹೆಸರೀಲೆ ಮಾಡ್ಲಿ ಅಕ್ಕಾರ?" ದನಿ ಮೊದಲಿಗಿಂತ ಜೋರಾಗಿತ್ತು.

"ಸುವರ್ಣಾ," ಅಂದಳು. "ಚಪಳಗಾಂವ."

ಅವನು ಬರೆದ. ಪುಸ್ತಕವನ್ನು ಅವಳ ಕಡೆ ತಿರುಗಿಸಿದ. ಹೆಸರಿನ ಜಾಗದಲ್ಲಿ ಮರಾಠಿಯಲ್ಲಿ, ದುಂಡಗಿನ ಅಕ್ಷರದಲ್ಲಿ, ಹೀಗಿತ್ತು: ಪ್ರಣಿತಾ, ಕುಂಭಾರಿ.

ಜೀವ ಬಾಯಿಗೆ ಬಂತು ಅನ್ನುತ್ತಾರಲ್ಲ, ಅದು ನಿಜವಾಗಿ ಬರುತ್ತದೆ ಎಂದು ಅವಳಿಗೆ ಆಗ ಗೊತ್ತಾಯಿತು. ಕುರ್ಚಿ ಹಿಂದೆ ಸರಿಸಿದಳು. ಗುರುಶಾಂತ ತುಟಿಯ ಮೇಲೆ ಬೆರಳಿಟ್ಟ. ಮತ್ತೆ ಜೋರಾಗಿ, ಗಿರಾಕಿಯೊಡನೆ ಆಡುವ ದನಿಯಲ್ಲಿ, "ಎಸ್‌ಎಸ್‌ಡಿ ಇನ್ನೂರೈವತ್ತಾರದ್ದು ಹಾಕ್ಲೋ, ಐನೂರರದ್ದು ಹಾಕ್ಲೋ?" ಅಂದ. ಅನ್ನುತ್ತಲೇ ಬರೆಯುತ್ತಿದ್ದ. ನಡುನಡುವೆ ಬಾಗಿಲ ಕಡೆ ನೋಡುತ್ತಿದ್ದ. ಅವಳಷ್ಟೇ ಅವನೂ ಹೆದರಿದ್ದ.

ಬರೆದದ್ದು ಇಷ್ಟು: ಫೋನ್ ಬಂದ್ ಮಾಡಬೇಡಿ. ಮಾತು ನಿಲ್ಲಿಸಬೇಡಿ.

"ಐನೂ," ಅವಳ ದನಿ ಒಡೆಯಿತು. "ಐನೂರರದ್ದು ಎಷ್ಟ್ ಜಾಸ್ತಿ ಆಗ್ತೈತ್ರಿ?"

"ಭಾಳೇನಿಲ್ಲ. ನಿಮ್ ಗೇಮ್ ಒಂದ ನೂರರ ಮ್ಯಾಲ ಜಾಗಾ ತಿಂತೈತಿ ನೋಡ್ರಿ." ಪೆನ್ನು ಓಡಿತು: ಯೋಗಿರಾಜ ನನಗೆ ತಮ್ಮನ ಹಾಗೆ. ಲಾರಿ ಆಡುವ ತಂಗಿ ಪ್ರಣಿತಾ ಕುಂಭಾರಿಯಲ್ಲಿದ್ದಾಳೆ, ಅವಳಿಗೊಂದು ಮಶೀನು ಕಟ್ಟಿಸಬೇಕು ಅನ್ನುತ್ತಿದ್ದ. ಆರು ತಿಂಗಳಿಂದ ಫೋನ್ ಮಾತ್ರ, ಬಂದಿಲ್ಲ, ಅದು ನಿಜ.

"ಹಂಗಾದ್ರ ಐನೂರರದ್ದ ಇರ್ಲಿ," ಅಂದಳು ಪ್ರಣಿತಾ. ಪೆನ್ನು ಕಸಿದುಕೊಂಡು ಕೆಳಗೆ ಬರೆದಳು: ಈ ಕಾರ್ಡು?

"ಮಾನಿಟರ್ ಮನ್ಯಾಗ ಐತೋ, ಹೊಸಾದ್ ಬೇಕೋ?"

ಬಾಯಿ ಹಾಗಂದರೂ ಪೆನ್ನು ಬರೆಯಿತು: ನನ್ನದಲ್ಲ. ಹತ್ತು ದಿನದ ಹಿಂದೆ ಒಬ್ಬರು ತಂದಿಟ್ಟರು. ಸ್ಟಿಕರ್ ಹಚ್ಚಿಕೊಂಡೇ ಬಂದಿತ್ತು, ನಾನು ಮಾರಿದ ಯಾವುದೋ ಮಾಲಿನಿಂದ ಕಿತ್ತದ್ದಿರಬೇಕು. ಹುಡುಗಿಯೊಬ್ಬಳು ಬಂದು ಎರಡು ಪಂಖದ್ದು ಕೇಳುತ್ತಾಳೆ, ಇದನ್ನೇ ಕೊಡು, ಕೊಡದಿದ್ದರೆ ನಿನ್ನನ್ನು ಒಳಗೆ ಹಾಕಿಸುತ್ತೇನೆ ಅಂದರು.

"ಮನ್ಯಾಗಿಂದ ನಡೀತೈತ್ರಿ." ಯಾರು, ಎಂದು ಬರೆದಳು.

ಗುರುಶಾಂತ ಬರೆಯಲಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಕಿಟಕಿಯಾಚೆ, ಕೆಳಗೆ ತೋರಿಸಿದ.

ಚಹಾದಂಗಡಿಯ ಬೆಂಚು. ಬಿಳಿ ಅಂಗಿ, ಬಿಳಿ ಧೋತರ, ತೊಡೆಯ ಮೇಲೆ ಮಡಿಚಿಟ್ಟ ಟೋಪಿ. ಕಲ್ಯಾಣಪ್ಪ ಕಾಕಾ ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಕೀರ್ತನೆ ಕೇಳುವವರ ಹಾಗೆ ಕೂತಿದ್ದ.

ಪ್ರಣಿತಾಳ ತಲೆ ಒಪ್ಪಲಿಲ್ಲ. ಕಾಕಾ ಮನೆಗೆ ಬಂದು ಮಾವಶಿಯ ಕೈಯ ಭಾಕರಿ ತಿಂದವರು. ಈ ಮನುಷ್ಯ ಸಿಕ್ಕಿಬಿದ್ದು ಕತೆ ಕಟ್ಟುತ್ತಿದ್ದಾನೆ. ಎರಡು ಪಂಖ ಎಂದು ತಾನೇ ಈಗಷ್ಟೇ ಬಾಯಿಬಿಟ್ಟು ಕೇಳಿದ್ದಾಯಿತಲ್ಲ, ಅದನ್ನೇ ಹಿಡಿದು ಹೆಣೆದಿದ್ದಾನೆ.

ಆದರೆ ಅದನ್ನು ಕೇಳು ಅಂದವರು ಯಾರು? ಯಾದಿಯಲ್ಲಿ ಪಂಖದ ಮಾತಿರಲಿಲ್ಲ. ಒಂದೇ ಪಂಖದ ಕಾರ್ಡೂ ಇರುತ್ತದೆ, ಮೂರರದ್ದೂ ಇರುತ್ತದೆ. ಕಂಪ್ಯೂಟರಿನ ಹೊಟ್ಟೆಯನ್ನು ಕಂಡೇ ಇಲ್ಲ ಅಂದವರಿಗೆ ಅದರೊಳಗಿನ ಕಾರ್ಡಿಗೆ ಪಂಖ ಇರುತ್ತದೆಂಬುದು ಹೇಗೆ ಗೊತ್ತಾಯಿತು? ಎರಡು ಎಂಬ ಲೆಕ್ಕ ಎಲ್ಲಿಂದ ಬಂತು?

ಅವಳು ಇಲ್ಲಿ ಕಾರ್ಡು ಹುಡುಕಲು ಬಂದಿರಲಿಲ್ಲ. ಕಾರ್ಡು ಸಿಗಬೇಕೆಂದೇ ಅವಳನ್ನು ಕಳಿಸಲಾಗಿತ್ತು. ಅವಳು ಸ್ಟಿಕರು ಕೀಳಬೇಕು, ಹೆಸರು ನೋಡಿ ಚೀರಬೇಕು, ಓಡಿ ಬಂದ ನಿವೃತ್ತ ಹವಾಲ್ದಾರ ಗುರುಶಾಂತನ ಕೊರಳಪಟ್ಟಿ ಹಿಡಿಯಬೇಕು. ಆಮೇಲೆ ಯೋಗಿದಾದಾನನ್ನು ಯಾರೂ ಬೇರೆಲ್ಲೂ ಹುಡುಕುವುದಿಲ್ಲ.

ಪೆನ್ನು ಎಳೆದುಕೊಂಡಳು. ಬರೆದಳು: ದಾದಾ ಎಲ್ಲ್ಯದಾನ?

"ಹಂಗಾರ ಮಾನಿಟರ್ ಬಿಡೂಣು," ಅಂದ ಗುರುಶಾಂತ ಜೋರಾಗಿ. ಬರೆದ ಅಕ್ಷರಗಳು ಈಗ ದುಂಡಗಿರಲಿಲ್ಲ: ನನಗೆ ಗೊತ್ತಿಲ್ಲ. ಅವರಿಗೆ ಗೊತ್ತು.

ಅವಳು ಮತ್ತೆ ಕಿಟಕಿಯ ಕಡೆ ನೋಡಿದಳು. ಬೆಂಚು ಖಾಲಿ ಇತ್ತು.

ಕಬ್ಬಿಣದ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು. ಒಂದೊಂದು ಹೆಜ್ಜೆಯೂ ಎರಡು ಸಲ ಕೇಳಿತು. ಒಮ್ಮೆ ಮೆಟ್ಟಿಲಿಂದ, ಮರುಗಳಿಗೆ ಅವಳ ಚೀಲದೊಳಗಿಂದ.

ಗುರುಶಾಂತ ಬಿಲ್ಲಿನ ಹಾಳೆ ಹರಿದು ಅಂಗಿಯೊಳಗೆ ತುರುಕಿಕೊಂಡ. ಪ್ರಣಿತಾ ಕಾರ್ಡನ್ನು ಪಂಖ ಮೇಲೆ ಮಾಡಿ ಮೇಜಿನ ಮೇಲಿಟ್ಟಳು. ಸ್ಟಿಕರು ಅಡಿಗಾಯಿತು. ಏನೂ ಗೊತ್ತಿಲ್ಲದವಳಂತೆ ಇರಬೇಕು, ಹೋಗೋಣ ಕಾಕಾ ಎಂದು ಎದ್ದುಬಿಡಬೇಕು, ಕೆಳಗೆ ಮಂದಿಯೊಳಗೆ ಸೇರಿಬಿಟ್ಟರೆ ಆಮೇಲೆ ನೋಡಿಕೊಂಡರಾಯಿತು.

ಬಾಗಿಲು ತಳ್ಳಿಕೊಂಡು ಕಲ್ಯಾಣಪ್ಪ ಒಳಗೆ ಬಂದ. ಒಂದು ಕೈಯಲ್ಲಿ ಚಹಾ ಒಯ್ಯುವ ತಂತಿಯ ಬುಟ್ಟಿ, ಅದರಲ್ಲಿ ಮೂರು ಗ್ಲಾಸು. ಮುಖದಲ್ಲಿ ಮನೆಯ ಜಗುಲಿಯ ಮೇಲೆ ಕಾಣುವ ಅದೇ ನಗು.

"ಲೈಟ್ ಹೋದ್ವು ನೋಡ್ರಿ. ಬಿಸಿ ಚಹಾ ತಂದೀನಿ. ಭಾಳ ಹೊತ್ತಾತಲ್ಲ ತಂಗಿ, ಕಾರ್ಡು ಸಿಕ್ತೇನ್?"

"ಸಿಕ್ತು ಕಾಕಾ. ಹೋಗೂಣು ನಡ್ರಿ."

"ಸಿಕ್ತಲ್ಲ, ಮತ್ ಯಾಕ ಸುಮ್ಮ ಕುಂತಿ?" ಅವನು ಗುರುಶಾಂತನನ್ನು ನೋಡಿ ತಲೆ ಅಲ್ಲಾಡಿಸಿದ, ಹುಡುಗರ ದಡ್ಡತನಕ್ಕೆ ದೊಡ್ಡವರು ಅಲ್ಲಾಡಿಸುವಂತೆ. "ಹಿಂದಿನ ಸ್ಟಿಕರ್ ತಗದ್ ನೋಡಬೇಕಲ್ಲ."

ಸ್ಟಿಕರು ಮೇಜಿಗೆ ಮುಖ ಮಾಡಿ ಬಿದ್ದಿತ್ತು. ಆ ಮಾತನ್ನು ಅವಳೂ ಬಾಯಿಬಿಟ್ಟು ಆಡಿರಲಿಲ್ಲ, ಗುರುಶಾಂತನೂ ಆಡಿರಲಿಲ್ಲ. ಫೋನಿನಲ್ಲಿ ಕಾಕಾ ಕೇಳಿದ್ದು ರ‍್ಯಾಮು, ಕ್ಯಾಬಿನೆಟ್ಟು, ಎಸ್‌ಎಸ್‌ಡಿಯ ಮಾತನ್ನಷ್ಟೇ.

ಕೇಳಬಾರದು ಎಂದು ಅವಳ ಬುದ್ಧಿ ಹೇಳುತ್ತಿತ್ತು. ನಾಲಗೆ ಕೇಳಿಬಿಟ್ಟಿತು.

"ಯಾವ ಸ್ಟಿಕರ್, ಕಾಕಾ?"

ಕಲ್ಯಾಣಪ್ಪನ ನಗು ಹೋಗಲಿಲ್ಲ, ಇದ್ದಲ್ಲೇ ನಿಂತುಬಿಟ್ಟಿತು. ಅವನು ಚಹಾದ ಬುಟ್ಟಿಯನ್ನು ಹುಷಾರಾಗಿ, ಒಂದು ಹನಿಯೂ ಚೆಲ್ಲದಂತೆ, ಕೆಳಗಿಟ್ಟ. ಅವಳ ಮೇಲಿಂದ ಕಣ್ಣು ತೆಗೆಯದೆ ಕೈಯನ್ನು ಹಿಂದೆ ಚಾಚಿ ಬಾಗಿಲ ಚಿಲಕ ಹಾಕಿದ.

"ನಿಮ್ ದಾದಾನೂ ಹಿಂಗ ಒಂದ್ ಪ್ರಶ್ನಿ ಕೇಳ್ದ, ತಂಗಿ," ಅಂದ, ಮನೆಯಲ್ಲಿ ಮಾತಾಡುವ ದನಿಯಲ್ಲೇ. "ಕೇಳಬಾರದಿತ್ತು ಆಂವಾ."